ಬಲ ಯಾವ ಕಡೆಯಿಂದ ಬಂತು? ಎಲುಬು ಮುರಿದಾಗ ದೋಷ ಹುಡುಕುವ ಕೈಪಿಡಿ

ಎಕ್ಸ್‌ರೇ ಕೋಣೆಗೆ ಬರುವ ಚೀಟಿಯಲ್ಲಿ ಹೆಚ್ಚಾಗಿ ಎರಡೇ ಪದ ಇರುತ್ತವೆ. "ಬಲ ಮುಂಗೈ." "ಎಡ ಪಾದ." ಎಲ್ಲಿ ನೋವು ಅನ್ನುವುದು ಅದರಲ್ಲಿರುತ್ತದೆ, ಹೇಗಾಯ್ತು ಅನ್ನುವುದು ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುವ ನನ್ನನ್ನು ಕೇಳಿದರೆ, ಜಾಗ ಬರೆಯದಿದ್ದರೂ ನಡೆದೀತು, ಹೇಗಾಯ್ತು ಅನ್ನುವುದನ್ನು ಬಿಡಬಾರದು. ಜಾಗವನ್ನು ಪೇಷಂಟೇ ಬೆರಳಿಟ್ಟು ತೋರಿಸುತ್ತಾರೆ. ಹೇಗಾಯ್ತು ಅನ್ನುವುದನ್ನು ನಾವು ಕೇಳಿದರೆ ಮಾತ್ರ ಹೇಳುತ್ತಾರೆ.

ಎಲುಬು ಒತ್ತಿದಾಗ ಒಂದು ಥರ ಮುರಿಯುತ್ತದೆ, ಬಗ್ಗಿಸಿದಾಗ ಒಂದು ಥರ, ತಿರುಚಿದಾಗ ಮತ್ತೊಂದು ಥರ. ಬಲ ಹೇಗೆ ಬಂತು ಅಂತ ತಿಳಿದರೆ ಬಿರುಕು ಎಲ್ಲಿರಬೇಕು, ಯಾವ ಆಕಾರದಲ್ಲಿರಬೇಕು, ಅದರ ಜೊತೆ ಇನ್ನೆಲ್ಲಿ ಪೆಟ್ಟಾಗಿರಬಹುದು ಅಂತ ಮೊದಲೇ ಅಂದಾಜು ಮಾಡಬಹುದು. ಆಸ್ಪತ್ರೆಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ಮೂರನೆಯದೇ.

ಇದು ಹೊಸ ಮಾತೇನಲ್ಲ. ಮಣಿಕಟ್ಟಿನ ಹತ್ತಿರದ ಮುರಿತವನ್ನು ಡಬ್ಲಿನ್‌ನ ಅಬ್ರಹಾಂ ಕೋಲಿಸ್ 1814ರಲ್ಲಿ ವಿವರಿಸಿದರು. ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ 81 ವರ್ಷ ಮೊದಲೇ ಬರೀ ಕೈಯಿಂದ ಮುಟ್ಟಿ, ಬಿದ್ದ ಬಗೆ ಕೇಳಿ, ಒಳಗೆ ಏನಾಗಿದೆ ಅಂತ ಹೇಳುವವರಿದ್ದರು.

ಕಬಡ್ಡಿ ಕೋಚ್, ಪಿಟಿ ಮಾಸ್ತರು, ಹೊಲದಲ್ಲಿ ಜೊತೆಗಿರುವವರು, ಗಾಡಿ ಅಪಘಾತ ಕಂಡು ನಿಲ್ಲುವವರು, ಅಂದರೆ ಮೊದಲು ಕೈ ಹಚ್ಚುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಚಿಕಿತ್ಸೆ ಇದರಲ್ಲಿಲ್ಲ, ಅದು ಡಾಕ್ಟರ ಕೆಲಸ. ಸರಿಯಾದ ಜಾಗ ಅನುಮಾನಿಸುವುದು, ಸರಿಯಾದ ಮಾತು ಆಸ್ಪತ್ರೆಗೆ ತಲುಪಿಸುವುದು, ಇಷ್ಟೇ ಉದ್ದೇಶ.

ಪ್ರಶ್ನೆ ಕೇಳುವ ಮೊದಲು ನೋಡಬೇಕಾದ್ದು

ಕೆಲವು ಸ್ಥಿತಿಯಲ್ಲಿ ವಿಚಾರಣೆಗೆ ಟೈಮ್ ಇರುವುದಿಲ್ಲ, ನೇರ 108ಕ್ಕೆ ಫೋನ್.

ಮುರಿದ ಜಾಗದ ಮೇಲೆ ಗಾಯ ಇದೆಯೇ ನೋಡಿ. ಎಲುಬು ಹೊರಗೆ ಕಾಣಲೇಬೇಕು ಅಂತಿಲ್ಲ. ಒಳಗಿಂದ ಚುಚ್ಚಿ ಮತ್ತೆ ಒಳಗೆ ಸರಿದಿರಬಹುದು, ಹೊರಗೆ ಕಾಳಿನಷ್ಟು ಗಾಯ ಇರಬಹುದು. ಅದೂ ತೆರೆದ ಮುರಿತವೇ. ಶುದ್ಧ ಬಟ್ಟೆ ಮುಚ್ಚಿ, ಅಷ್ಟೇ. ಎಲುಬನ್ನು ಒಳಗೆ ತಳ್ಳಬೇಡಿ. ಅರಿಷಿಣ, ಕಾಫಿಪುಡಿ ತುಂಬಬೇಡಿ. ಅದನ್ನೆಲ್ಲ ತೊಳೆದು ತೆಗೆಯುವುದೇ ಆಮೇಲೆ ಆಪರೇಷನ್ ಥಿಯೇಟರ್‌ನಲ್ಲಿ ಒಂದು ಕೆಲಸವಾಗುತ್ತದೆ.

ಪೆಟ್ಟಿನಿಂದ ಕೆಳಗಿನ ಭಾಗ ತಣ್ಣಗಾಗಿದೆಯೇ, ಬಿಳಿಚಿದೆಯೇ, ಬೆರಳಿಗೆ ಸ್ಪರ್ಶ ಗೊತ್ತಾಗುತ್ತದೆಯೇ ನೋಡಿ. ನೋವು ಹೊತ್ತು ಹೋದಂತೆ ಏರುತ್ತಲೇ ಇದ್ದು, ನೀವು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ಪೇಷಂಟ್ ಚೀರಿದರೆ, ಮಾಂಸಖಂಡದ ಒಳಗೆ ಒತ್ತಡ ಏರಿ ರಕ್ತ ಸಂಚಾರ ನಿಲ್ಲುತ್ತಿದೆ ಅಂತ ಅನುಮಾನಿಸಬೇಕು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂದರೆ ಇದೇ. ಆರೇಳು ತಾಸಿನಲ್ಲಿ ಮಾಂಸಖಂಡ ಶಾಶ್ವತವಾಗಿ ಹಾಳಾಗಬಹುದು. ಬಿಗಿಯಾದ ಪಟ್ಟಿ ಕಟ್ಟಿದ್ದರೆ ಆ ಕ್ಷಣವೇ ಸಡಿಲಿಸಿ.

ತೊಡೆ ಎಲುಬು ಮುರಿದರೆ ಹೊರಗೆ ಒಂದು ಹನಿ ಕಾಣದೆಯೂ ಒಳಗೆ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಹುದು. ಮೈಯಲ್ಲಿರುವುದೇ ಸುಮಾರು 5 ಲೀಟರ್. ಬೆನ್ನು, ಕುತ್ತಿಗೆ ನೋವಿನ ಜೊತೆ ಕೈಕಾಲು ಜೋಮು ಹಿಡಿದಿದ್ದರೆ ಎತ್ತಿ ಆಟೋದಲ್ಲಿ ಕೂರಿಸಬೇಡಿ.

ಎಲುಬು ಯಾವುದಕ್ಕೆ ಗಟ್ಟಿ, ಯಾವುದಕ್ಕೆ ಅಲ್ಲ

ಎಲುಬಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಉಳಿದದ್ದು ಕೊಲಾಜೆನ್ ಎಂಬ ಪ್ರೋಟೀನ್ ನಾರು ಮತ್ತು ನೀರು. ಒತ್ತಡ ತಾಳುವುದು ಖನಿಜ, ಬಾಗುವ ಗುಣ ಕೊಡುವುದು ನಾರು. ಮನೆಯಲ್ಲೇ ನೋಡಬಹುದು. ಕೋಳಿ ಕಾಲಿನ ಎಲುಬನ್ನು ವಿನೆಗರ್‌ನಲ್ಲಿ ನಾಲ್ಕೈದು ದಿನ ನೆನೆಹಾಕಿ. ಖನಿಜ ಕರಗಿ ಹೋಗಿ, ಕೈಯಲ್ಲಿ ಬಗ್ಗಿಸುವಂತಾಗುತ್ತದೆ. ಅಂಥದೇ ಇನ್ನೊಂದು ಎಲುಬನ್ನು ಒಲೆಯಲ್ಲಿ ಸುಟ್ಟರೆ ನಾರು ಹೋಗಿ ಖನಿಜ ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿ.

ವಯಸ್ಕರ ತೊಡೆ ಎಲುಬಿನ ಗಟ್ಟಿ ಪದರವನ್ನು ಉದ್ದಕ್ಕೆ ಒತ್ತಿದರೆ ಒಂದು ಚದರ ಸೆಂಟಿಮೀಟರ್ ಸುಮಾರು 2 ಟನ್ ಭಾರ ತಾಳುತ್ತದೆ. ಎಳೆದರೆ ಸುಮಾರು 1.3 ಟನ್. ಕತ್ತರಿ ಹಾಕಿದ ಹಾಗೆ ಅಡ್ಡ ಜಾರಿಸುವ ಬಲಕ್ಕೆ 0.7 ಟನ್ ಸಾಕು. ಈ ಮೂರು ಅಂಕಿ ನೆನಪಿರಲಿ. ಎಲುಬು ಒತ್ತಡಕ್ಕೆ ಹುಲಿ, ಎಳೆತಕ್ಕೆ ಅಷ್ಟಕ್ಕಷ್ಟೆ. ಹಾಗಾಗಿ ಬಹಳಷ್ಟು ಬಿರುಕುಗಳು ಶುರುವಾಗುವುದು ಎಲುಬು ಹಿಗ್ಗುವ ಬದಿಯಿಂದ, ಕುಗ್ಗುವ ಬದಿಯಿಂದಲ್ಲ.

ವೇಗದ ಲೆಕ್ಕವೂ ಇದೆ. ಬಲ ಗಬಕ್ಕನೆ ಬಂದರೆ ಎಲುಬು ಇನ್ನಷ್ಟು ಬಿಗಿಯಾಗಿ ವರ್ತಿಸಿ ಜಾಸ್ತಿ ಶಕ್ತಿ ನುಂಗುತ್ತದೆ. ಮುರಿಯುವ ಗಳಿಗೆಯಲ್ಲಿ ಅದನ್ನೆಲ್ಲ ಒಮ್ಮೆಲೇ ಬಿಟ್ಟುಬಿಡುತ್ತದೆ. ಅದಕ್ಕೇ ಮೆಲ್ಲಗೆ ತಿರುಚಿ ಮುರಿದ ಎಲುಬಿನಲ್ಲಿ ಒಂದೇ ಬಿರುಕು, ಹೈವೇಯಲ್ಲಿ ಮುರಿದ ಎಲುಬಿನಲ್ಲಿ ಹತ್ತು ಚೂರು. ಗಾಡಿಯ ವೇಗ 30ರಿಂದ 60 ಕಿ.ಮೀ.ಗೆ ಏರಿದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

"ಬಿದ್ದೆ" ಅಂದರೆ ಸಾಲದು

ನಮ್ಮ ಕಡೆ ಎಲ್ಲದಕ್ಕೂ ಒಂದೇ ಉತ್ತರ. ಮಾತು ಹೀಗೆ ಸಾಗುತ್ತದೆ:

"ಏನಾತ್ರಿ ಕಾಕಾ?"

"ಬಿದ್ನೆಪಾ."

"ಹೆಂಗ ಬಿದ್ರಿ?"

"ಮೇವಿನ ಟ್ರೇಲರ್ ಮ್ಯಾಲಿಂದ. ಹಗ್ಗ ಕಟ್ಟಾಕ ಹತ್ತಿದ್ದೆ, ಕಾಲು ಜಾರ್ತು."

"ನೆಲಕ್ಕ ಮೊದ್ಲ ಏನ್ ತಾಗ್ತು? ಕೈಯೋ, ಕಾಲೋ?"

"ಹಿಮ್ಮಡ. ಎರಡೂ ಹಿಮ್ಮಡ ಊರಿ ನಿಂತೆ, ಆಮ್ಯಾಲೆ ಕುಕ್ಕರಿಸಿದೆ."

"ಬೆನ್ನು ನೋಯ್ತೈತೇನ್ರಿ?"

"ಬೆನ್ನ ಬಿಡೋ ತಮ್ಮಾ, ಮೊದ್ಲ ಈ ಹಿಮ್ಮಡ ನೋಡು."

ಚೀಟಿಯಲ್ಲಿ ಬರೆದಿದ್ದು "ಬಲ ಪಾದ" ಮಾತ್ರ. ಆದರೆ ಕೊನೆಯ ಎರಡು ಉತ್ತರದಲ್ಲಿ ಇನ್ನೂ ಎರಡು ಎಕ್ಸ್‌ರೇ ಅಡಗಿವೆ: ಎಡ ಹಿಮ್ಮಡಿ ಮತ್ತು ಸೊಂಟದ ಮೇಲಿನ ಬೆನ್ನು. ಎಕ್ಸ್‌ರೇ ತೆಗೆಯುವವನಿಗೆ ತಾನಾಗೇ ಹೆಚ್ಚುವರಿ ಫಿಲ್ಮ್ ತೆಗೆಯುವ ಅಧಿಕಾರ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳಿಸಿಕೊಳ್ಳಬೇಕು. ಜೊತೆಗೆ ಬಂದವರೇ ಮೊದಲು ಇದನ್ನು ಹೇಳಿದ್ದರೆ ಆ ಸುತ್ತು ತಪ್ಪುತ್ತಿತ್ತು.

ಮೇಲಿಂದ ಕೆಳಗೆ ಒತ್ತಿದ ಬಲ

ಲಕ್ಷಣ: ಎತ್ತರದಿಂದ ಬಿದ್ದು ಕಾಲ ಮೇಲೆ ನಿಂತವರು. ತೆಂಗಿನ ಮರ, ಕಟ್ಟಡದ ಸಾರ್ವೆ, ಮೇವಿನ ಬಣವಿ.

ಮೂರು ಮೀಟರ್ ಮೇಲಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ತಾಸಿಗೆ ಸುಮಾರು 28 ಕಿ.ಮೀ. ಆಗಿರುತ್ತದೆ. ಮೊಣಕಾಲು ಮಡಚಿ, 30 ಸೆಂ.ಮೀ. ದೂರದಲ್ಲಿ ಮೈಯನ್ನು ನಿಲ್ಲಿಸಿಕೊಂಡರೆ ಕಾಲಿನ ಮೇಲೆ ಬೀಳುವ ಸರಾಸರಿ ಬಲ ಸ್ವಂತ ತೂಕದ ಹತ್ತು ಹನ್ನೊಂದು ಪಟ್ಟು. ಮೊಣಕಾಲು ನೆಟ್ಟಗಿದ್ದು, ಎರಡೇ ಸೆಂ.ಮೀ.ನಲ್ಲಿ ನಿಂತರೆ ಸುಮಾರು 150 ಪಟ್ಟು. ಎತ್ತರ ಅದೇ, ನೆಲ ಅದೇ, ಮಡಚಿದ್ದು ಮತ್ತು ಮಡಚದಿದ್ದುದರ ವ್ಯತ್ಯಾಸ ಅಷ್ಟೇ. ಅದಕ್ಕೇ "ಎಷ್ಟು ಎತ್ತರ" ಅಂತ ಕೇಳಿದ ಮೇಲೆ "ಕಾಲು ಹೆಂಗಿತ್ತು" ಅಂತಲೂ ಕೇಳಬೇಕು.

ಮೊದಲು ಕುಸಿಯುವುದು ಹಿಮ್ಮಡಿ ಎಲುಬು. ಅದರ ಒಳಗೆಲ್ಲ ಜಾಳುಜಾಳಾದ ಎಲುಬು, ಹೊರಗೆ ತೆಳು ಪದರ. ಅಲ್ಲಿ ಮುಗಿಯದ ಬಲವು ಕಾಲು, ಸೊಂಟದ ಮೂಲಕ ಮೇಲೇರಿ ಬೆನ್ನಿನ ಎಲುಬು ಸಾಲಿಗೆ ಹೋಗುತ್ತದೆ. ಪಕ್ಕೆಲುಬಿನ ಭಾಗ ಮುಗಿದು ಸೊಂಟದ ಭಾಗ ಶುರುವಾಗುವ ತಿರುವಿನಲ್ಲಿ, ಎದೆಯ ಕೊನೆಯ ಮತ್ತು ಸೊಂಟದ ಮೊದಲ ಕಶೇರುಕದಲ್ಲಿ (ಬೆನ್ನಿನ ಸಾಲಿನ ಒಂದೊಂದು ಎಲುಬು), ಮುಂಭಾಗ ಕುಸಿದು ಅದು ಬೆಣೆಯ ಆಕಾರಕ್ಕೆ ಬರುತ್ತದೆ. ಹಿಮ್ಮಡಿ ಮುರಿದವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಬೆನ್ನೆಲುಬೂ ಮುರಿದಿರುತ್ತದೆ. ಹಿಮ್ಮಡಿಯ ನೋವು ಎಷ್ಟು ಜೋರು ಅಂದರೆ ಬೆನ್ನಿನದು ಆ ದಿನ ಗೊತ್ತೇ ಆಗುವುದಿಲ್ಲ.

ಪರೀಕ್ಷೆ: ಎರಡೂ ಹಿಮ್ಮಡಿಯನ್ನು ಎರಡು ಬದಿಯಿಂದ ಮೆಲ್ಲಗೆ ಒತ್ತಿ ನೋಡಿ. ಬೆನ್ನಿನ ನಡುಗೆರೆಯಲ್ಲಿ ಮೇಲಿಂದ ಕೆಳಗೆ ಬೆರಳಾಡಿಸಿ. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು ಅಂದರೆ ಮಲಗಿಸಿಯೇ ಸಾಗಿಸಿ.

ವಯಸ್ಸಾದ ಹೆಂಗಸರಿಗೆ ಇಷ್ಟು ಎತ್ತರ ಬೇಕಿಲ್ಲ. ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಹಂಪ್ ಮೇಲೆ ಒಮ್ಮೆ ಎಗರಿ ಬಿದ್ದರೂ ಬೆನ್ನಿನ ಕಶೇರುಕ ಕುಸಿಯಬಹುದು. "ಸೊಂಟ ಹಿಡದೈತಿ" ಅಂತ ಮುಲಾಮು ಹಚ್ಚುತ್ತಾ ತಿಂಗಳು ಕಳೆಯುವವರಲ್ಲಿ ಇಂಥವರು ಇರುತ್ತಾರೆ.

ಬಗ್ಗಿಸಿದ ಬಲ

ಉದ್ದ ಎಲುಬಿಗೆ ಒಂದು ಬದಿಯಿಂದ ಏಟು ಬಿದ್ದರೆ ಅದು ಬಾಗುತ್ತದೆ. ಏಟು ಬಿದ್ದ ಬದಿ ಕುಗ್ಗುತ್ತದೆ, ಎದುರು ಬದಿ ಹಿಗ್ಗುತ್ತದೆ. ಹಿಗ್ಗಿದ ಬದಿಯಲ್ಲಿ ಬಿರುಕು ಹುಟ್ಟಿ ಅಡ್ಡಡ್ಡ ಓಡಿ ಬರುತ್ತದೆ. ಕುಗ್ಗಿದ ಬದಿಯ ಹತ್ತಿರ ಬಂದಾಗ ಕೆಲವು ಸಲ ಎರಡಾಗಿ ಕವಲೊಡೆದು ತ್ರಿಕೋನದ ಚೂರೊಂದನ್ನು ಬಿಡಿಸುತ್ತದೆ. ಡಾಕ್ಟರರು ಬಟರ್‌ಫ್ಲೈ ತುಂಡು ಅನ್ನುವುದು ಇದನ್ನೇ. ತ್ರಿಕೋನದ ಅಗಲ ಬದಿ ಸಾಮಾನ್ಯವಾಗಿ ಏಟು ಬಿದ್ದ ಕಡೆಗೆ ಇರುತ್ತದೆ. ಜರ್ಮನಿಯ ಒಟ್ಟೊ ಮೆಸರರ್ 1880ರಲ್ಲೇ ಮನುಷ್ಯರ ಎಲುಬುಗಳನ್ನು ಯಂತ್ರದಲ್ಲಿ ಮುರಿದು ಇಂಥದ್ದನ್ನೆಲ್ಲ ದಾಖಲಿಸಿದ್ದರು. ಪಾದಚಾರಿಗೆ ಕಾರು ಯಾವ ಕಡೆಯಿಂದ ಗುದ್ದಿತು ಅಂತ ಹೇಳಲು ಪೊಲೀಸ್ ಕೇಸುಗಳಲ್ಲಿ ಈ ತುಂಡನ್ನು ನೋಡುತ್ತಾರೆ. ಯಾವಾಗಲೂ ಇದು ಸರಿಹೋಗುವುದಿಲ್ಲ, ಉಲ್ಟಾ ಬರುವುದೂ ಉಂಟು. ಇದೊಂದನ್ನೇ ನಂಬಿ ಕೂರಬಾರದು.

ಬಡಿಗೆ ಏಟು ತಪ್ಪಿಸಿಕೊಳ್ಳಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಕಿರುಬೆರಳ ಬದಿಯ ಎಲುಬು ಮುರಿಯುತ್ತದೆ. ಇಲ್ಲೇ ಒಂದು ಮೋಸ ಇದೆ. ಮುಂಗೈಯಲ್ಲಿ ಎರಡು ಎಲುಬು, ಎರಡೂ ತುದಿಯಲ್ಲಿ ಕೂಡಿಕೊಂಡು ಒಂದು ಬಳೆಯ ಹಾಗಿವೆ. ಬಳೆ ಒಂದೇ ಕಡೆ ಒಡೆದು ಸುಮ್ನೆ ಇರುವುದು ಅಪರೂಪ. ಕಿರುಬೆರಳ ಬದಿಯದು ಮುರಿದು ಸರಿದಿದ್ದರೆ ಹೆಬ್ಬೆರಳ ಬದಿಯದು ಮೊಣಕೈಯಲ್ಲಿ ಕೀಲು ತಪ್ಪಿರಬಹುದು. ಇದನ್ನು ಮಿಲಾನ್‌ನ ಮೊಂಟೆಜ್ಜಿಯಾ ಹೇಳಿದ್ದೂ 1814ರಲ್ಲೇ. ಹೆಬ್ಬೆರಳ ಬದಿಯದು ಮುರಿದಿದ್ದರೆ ಮಣಿಕಟ್ಟಿನಲ್ಲಿ ನೋಡಬೇಕು. ಎಕ್ಸ್‌ರೇಯಲ್ಲಿ ಮುರಿತದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಬರಬೇಕು ಅಂತ ಪಟ್ಟು ಹಿಡಿಯುವುದು ಇದಕ್ಕೇ. ಎದುರಿನಿಂದ ಒಂದು, ಪಕ್ಕದಿಂದ ಒಂದು ಫಿಲ್ಮ್ ತೆಗೆಯುವುದೂ ಕಡ್ಡಾಯ. ಒಂದು ಕೋನದಲ್ಲಿ ನೆಟ್ಟಗೆ ಕಂಡ ಎಲುಬು ಇನ್ನೊಂದರಲ್ಲಿ ಅರ್ಧ ಜರುಗಿರುತ್ತದೆ. "ಎರಡೆರಡು ಯಾಕ್ರಿ, ರೊಕ್ಕ ಮಾಡಾಕೇನ್?" ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ತಿರುಚಿದ ಬಲ

ಶಾಲೆಯ ಸೀಮೆಸುಣ್ಣ ತಗೊಳ್ಳಿ. ಎರಡೂ ತುದಿ ಹಿಡಿದು ಬಗ್ಗಿಸಿ, ಅಡ್ಡಕ್ಕೆ ಕತ್ತರಿಸಿದ ಹಾಗೆ ಮುರಿಯುತ್ತದೆ. ಇನ್ನೊಂದನ್ನು ಬಗ್ಗಿಸದೆ ತಿರುಚಿ. ಮುರಿದ ಮುಖ ಓರೆಯಾಗಿ, ಸುರುಳಿ ಸುತ್ತಿಕೊಂಡು ಹೋಗಿರುತ್ತದೆ. ತಿರುಚಿದಾಗ ಅತಿ ಹೆಚ್ಚು ಎಳೆತ ಬೀಳುವುದು 45 ಡಿಗ್ರಿ ಓರೆಯಲ್ಲಿ. ಎಳೆತಕ್ಕೆ ದುರ್ಬಲವಾದ ವಸ್ತು ಆ ಗೆರೆ ಹಿಡಿದೇ ಬಿಡಿಸಿಕೊಳ್ಳುತ್ತದೆ. ಎಲುಬಿನಲ್ಲಿ ಕೋನ ತುಸು ಆಚೀಚೆ ಆಗುತ್ತದೆ, ಸುರುಳಿ ಮಾತ್ರ ಹಾಗೇ.

ಎಲ್ಲಿ ನೋಡಬಹುದು? ಪಂಜ ಕುಸ್ತಿಯಲ್ಲಿ. ಟೇಬಲ್ ಮೇಲೆ ಮೊಣಕೈ ಊರಿರುತ್ತದೆ, ಭುಜ ಒಂದು ಕಡೆ ತಿರುಗುತ್ತದೆ, ಎದುರಾಳಿ ಮುಂಗೈಯನ್ನು ಇನ್ನೊಂದು ಕಡೆ ತಳ್ಳುತ್ತಾನೆ. ನಡುವಿನ ತೋಳಿನ ಎಲುಬು ತಿರುಚಿಕೊಂಡು ಕೆಳಗಿನ ಮೂರನೇ ಒಂದು ಭಾಗದಲ್ಲಿ ಟಪ್ ಅಂತ ಸುರುಳಿಯಾಗಿ ಮುರಿಯುತ್ತದೆ. ಸುತ್ತ ನಿಂತವರಿಗೂ ಸದ್ದು ಕೇಳಿಸುತ್ತದೆ. ಕಟ್ಟುಮಸ್ತಾದ ಹುಡುಗರಿಗೇ ಆಗುವುದು, ಯಾಕಂದರೆ ಮುರಿಯುವಷ್ಟು ತಿರುಚುವ ಶಕ್ತಿ ಅವರಿಗಿರುತ್ತದೆ. ಆ ಜಾಗದಲ್ಲಿ ಎಲುಬಿಗೆ ಅಂಟಿಕೊಂಡೇ ರೇಡಿಯಲ್ ನರ ಸುತ್ತಿಕೊಂಡು ಹೋಗಿದೆ. ಪರೀಕ್ಷೆ ಸುಲಭ: "ಮಣಿಕಟ್ಟು ಮ್ಯಾಲೆತ್ತು, ಹೆಬ್ಬೆರಳು ಮ್ಯಾಲೆತ್ತು" ಅನ್ನಿ. ಅಂಗೈ ಜೋತುಬಿದ್ದು ಏಳದಿದ್ದರೆ ನರಕ್ಕೂ ಪೆಟ್ಟಾಗಿದೆ. ಪಟ್ಟಿ ಕಟ್ಟುವ ಮೊದಲೇ ಇದನ್ನು ನೋಡಿ, ಆಸ್ಪತ್ರೆಯಲ್ಲಿ ಹೇಳಬೇಕು. ಇಲ್ಲದಿದ್ದರೆ ನರ ಮೊದಲೇ ಹೋಗಿತ್ತೋ ಚಿಕಿತ್ಸೆಯಲ್ಲಿ ಹೋಯಿತೋ ಅಂತ ಆಮೇಲೆ ಯಾರಿಗೂ ಹೇಳಲಾಗದು.

ಕಬಡ್ಡಿಯಲ್ಲಿ ರೈಡರ್ ಪಾದವನ್ನು ಇಬ್ಬರು ಹಿಡಿದಿರುತ್ತಾರೆ, ಮೈ ಮಾತ್ರ ಗೆರೆಯ ಕಡೆ ತಿರುಗುತ್ತದೆ. ಪಾದದ ಕೀಲು ಊದುತ್ತದೆ, ಎಲ್ಲರೂ ಅಲ್ಲೇ ನೋಡುತ್ತಾರೆ. ಆದರೆ ತಿರುಚಿದ ಬಲವು ಗಣಕಾಲಿನ ಒಳಬದಿಯಿಂದ ಹೊಕ್ಕು, ಎರಡು ಎಲುಬಿನ ನಡುವಿನ ಪೊರೆಯನ್ನು ಸೀಳುತ್ತಾ ಮೇಲೇರಿ, ಮೊಣಕಾಲಿನ ಹೊರಬದಿಯ ಕೆಳಗೆ ಸಪೂರ ಎಲುಬನ್ನು ಮುರಿದು ಆಚೆ ಹೋಗಿರಬಹುದು. 1840ರಲ್ಲಿ ಫ್ರಾನ್ಸಿನ ಸರ್ಜನ್ ಮೇಸೊನ್ಯೂವ್ ವಿವರಿಸಿದ ಮುರಿತ ಇದು. ಪಾದದ ಫಿಲ್ಮ್‌ನಲ್ಲಿ ಇದು ಬರುವುದೇ ಇಲ್ಲ, ಅಷ್ಟು ಮೇಲಿರುತ್ತದೆ. ಗಣಕಾಲು ತಿರುಚಿದವರ ಮೊಣಕಾಲಿನ ಹೊರಬದಿ ಕೆಳಗೆ ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಐದು ಸೆಕೆಂಡಿನ ಕೆಲಸ.

ಉಳುಕೋ ಮುರಿತವೋ ಅಂತ ಗೊಂದಲವಾದರೆ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಮಾಡಿದ ಸರಳ ನಿಯಮ ಇದೆ. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ, ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಗಣಕಾಲಿನ ಗಂಟುಗಳ ಹಿಂದಿನ ಅಂಚಿನಲ್ಲಿ, ತುದಿಯಿಂದ 6 ಸೆಂ.ಮೀ. ಒಳಗೆ, ಎಲುಬನ್ನೇ ಒತ್ತಿದಾಗ ನೋವಾದರೂ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬು, ಪಾದದ ಒಳಬದಿಯ ಕಮಾನಿನ ಎಲುಬು ನೋಯುತ್ತಿದ್ದರೆ ಪಾದದ ಎಕ್ಸ್‌ರೇ. ಇದ್ಯಾವುದೂ ಇಲ್ಲದಿದ್ದರೆ ಮುರಿತ ಇರುವ ಸಾಧ್ಯತೆ ಬಹಳ ಕಡಿಮೆ. ಕುಡಿದವರಿಗೆ, ಚಿಕ್ಕ ಮಕ್ಕಳಿಗೆ ಈ ನಿಯಮ ನಂಬಬೇಡಿ.

ಎಳೆದ ಬಲ

ಇದು ಕಡಿಮೆ, ಬೇಗ ಮುಗಿಸುತ್ತೇನೆ. ಎಡವಿದಾಗ ಬೀಳದಿರಲು ತೊಡೆಯ ಸ್ನಾಯು ಗಕ್ಕನೆ ಬಿಗಿಯುತ್ತದೆ, ಮೊಣಕಾಲಿನ ಚಿಪ್ಪು ಅಡ್ಡಕ್ಕೆ ಎರಡಾಗುತ್ತದೆ. ನೆಲಕ್ಕೆ ಬಡಿದೇ ಒಡೆಯಬೇಕು ಅಂತಿಲ್ಲ. ಪರೀಕ್ಷೆ: ಮಲಗಿದಲ್ಲಿಂದ ಮೊಣಕಾಲು ಮಡಚದೆ ಕಾಲೆತ್ತಲು ಹೇಳಿ. ಆಗದಿದ್ದರೆ ತೊಡೆಯ ಸ್ನಾಯುವಿನಿಂದ ಚಿಪ್ಪಿನ ಮೂಲಕ ಕಾಲನ್ನು ಎಳೆಯುವ ಸಾಲು ಎಲ್ಲೋ ತುಂಡಾಗಿದೆ. ಮೊಣಕೈಯ ಹಿಂದಿನ ಮೂಲೆಗೂ ಇದೇ ತರ್ಕ, ಅಲ್ಲಿ ಕೈ ನೆಟ್ಟಗೆ ಮಾಡಲು ಹೇಳಬೇಕು.

ಎಲ್ಲಾ ಬಲ ಒಟ್ಟಿಗೆ ಬಂದಾಗ

ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಂಥ ರಸ್ತೆಯ ಅಪಘಾತ, ಹಾವೇರಿ ಕಡೆ ದೀಪಾವಳಿ ಹೊತ್ತಿನ ಹೋರಿ ಬೆದರಿಸುವ ಆಟದಲ್ಲಿ ಕಾಲಡಿ ಸಿಕ್ಕವರು. ಇಲ್ಲಿ ಒಂದೇ ಬಲ ಅಂತ ಹುಡುಕುವುದು ವ್ಯರ್ಥ. ಉಸಿರು ಮೊದಲು, ಎಲುಬು ಆಮೇಲೆ. ಪಕ್ಕದ ಪಕ್ಕದ ಮೂರು ಪಕ್ಕೆಲುಬು ಎರಡೆರಡು ಕಡೆ ಮುರಿದರೆ ಆ ಭಾಗ ಉಸಿರೆಳೆದಾಗ ಒಳಗೆ, ಬಿಟ್ಟಾಗ ಹೊರಗೆ, ಅಂದರೆ ಉಲ್ಟಾ ಆಡುತ್ತದೆ. ಅದನ್ನು ಕಂಡರೆ ಬೇರೇನೂ ನೋಡುತ್ತಾ ನಿಲ್ಲಬೇಡಿ.

ಆದರೂ ಒಂದು ಜಾಡು ಉಪಯೋಗಕ್ಕೆ ಬರುತ್ತದೆ. ಕಾರಿನ ಮುಂದಿನ ಸೀಟಿನವರ ಮೊಣಕಾಲಿಗೆ ಡ್ಯಾಶ್‌ಬೋರ್ಡ್ ಬಡಿದು ಗಾಯವಾಗಿದ್ದರೆ ಕಣ್ಣು ಸೊಂಟದ ಕೀಲಿನವರೆಗೆ ಹೋಗಬೇಕು. ತೊಡೆ ಎಲುಬಿನುದ್ದಕ್ಕೂ ಬಲ ಹಿಂದಕ್ಕೆ ಓಡಿ ಕೀಲನ್ನು ಹಿಂದಿನಿಂದ ಹೊರಗೆ ತಳ್ಳಿರುತ್ತದೆ. ಆ ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿರುತ್ತದೆ. ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯ ತೊಡೆಸಂದಿ ಮುರಿದಾಗಲೂ ಕಾಲು ಗಿಡ್ಡವಾಗುತ್ತದೆ, ಆದರೆ ಪಾದ ಹೊರಕ್ಕೆ ವಾಲುತ್ತದೆ. ಪಾದ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ಬಾಗಿಲಲ್ಲಿ ನಿಂತೇ ನೋಡಬಹುದು.

ಬಲ ಸಣ್ಣದು, ಮುರಿತ ದೊಡ್ಡದು

ಕಥೆ ಮತ್ತು ಮುರಿತ ಒಂದಕ್ಕೊಂದು ಹೊಂದದಿದ್ದರೆ ದೋಷ ಬಲದಲ್ಲಿಲ್ಲ, ಎಲುಬಿನಲ್ಲೇ ಇದೆ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು, ತೊಡೆಸಂದಿ ಅಥವಾ ಬೆನ್ನು ಮುರಿದರೆ ಎಲುಬು ಸವೆದಿದೆ ಅಂತಲೇ ಹಿಡಿಯಬೇಕು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೋದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಬಗ್ಗೆ ಕೇಳಿ.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ: "ಬೀಳೋಕಿಂತ ಮೊದ್ಲ ಅಲ್ಲಿ ನೋವಿತ್ತೇನ್ರಿ?" ವಾರಗಳಿಂದ ನೋವಿದ್ದು ಆಮೇಲೆ ಮುರಿದಿದ್ದರೆ ಬಿದ್ದು ಮುರಿಯಿತೋ, ಮುರಿದು ಬಿದ್ದರೋ ಅನ್ನುವ ಅನುಮಾನ ಬರಬೇಕು. ಗಡ್ಡೆ, ಸೋಂಕು ಎಲ್ಲ ಹೀಗೇ ಬೆಳಕಿಗೆ ಬರುವುದು.

ಗದಗ ಜಿಲ್ಲೆಯವರಿಗೆ ಒಂದು ಮಾತು ಹೆಚ್ಚಿಗೆ. ಮುಂಡರಗಿ ಕಡೆಯ ಕೆಲವು ಊರುಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ವರ್ಷಾನುಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿದವರ ಎಲುಬು ಎಕ್ಸ್‌ರೇಯಲ್ಲಿ ಅಚ್ಚ ಬಿಳಿಯಾಗಿ, ದಟ್ಟವಾಗಿ ಕಾಣುತ್ತದೆ. ಮುಂಗೈಯ ಎರಡು ಎಲುಬಿನ ನಡುವಿನ ಪೊರೆಯಲ್ಲೂ ಸುಣ್ಣ ಕೂತಿರುತ್ತದೆ. ನೋಡಿದವರು "ಏನ್ ಗಟ್ಟಿ ಎಲುಬ್ರಿ" ಅನ್ನಬೇಕು, ಹಾಗಿರುತ್ತದೆ. ಗಟ್ಟಿ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಎಲುಬು ಸವೆದ ಹೆಂಗಸರಿಗೆ ನಾಲ್ಕು ವರ್ಷ ಫ್ಲೋರೈಡ್ ಮಾತ್ರೆ ಕೊಟ್ಟು ನೋಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನೆಲುಬಿನ ಸಾಂದ್ರತೆ 35 ಶೇಕಡಾ ಏರಿತ್ತು. ಬೆನ್ನೆಲುಬು ಮುರಿಯುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಬೇರೆ ಎಲುಬು ಮುರಿಯುವುದು ಜಾಸ್ತಿಯಾಯಿತು. ಹಾಗಾಗಿ ಆ ಭಾಗದಿಂದ ಬಂದವರು ತಮ್ಮ ಊರು, ಕುಡಿಯುವ ನೀರು ಎರಡನ್ನೂ ಡಾಕ್ಟರಿಗೆ ಹೇಳಬೇಕು. ಬಿಳಿ ಫಿಲ್ಮ್ ನೋಡಿ ಯಾರೂ ಮೋಸಹೋಗಬಾರದು, ಅಲ್ವಾ?

ಮಕ್ಕಳದು ಬೇರೆ ಲೆಕ್ಕ

ಮಕ್ಕಳ ಎಲುಬಿನಲ್ಲಿ ನಾರು ಜಾಸ್ತಿ, ಬಾಗುವ ಗುಣ ಜಾಸ್ತಿ. ಒಂದು ಬದಿ ಸೀಳಿ ಇನ್ನೊಂದು ಬದಿ ಬರೀ ಬಾಗಿ ನಿಲ್ಲುತ್ತದೆ, ಇಲ್ಲವೇ ಮಣಿಕಟ್ಟಿನ ಹತ್ತಿರ ಉಂಗುರದಂತೆ ಉಬ್ಬುತ್ತದೆ. ಊತ ಅಷ್ಟಿರುವುದಿಲ್ಲ. ಮಗು ಆ ಕೈಯಲ್ಲಿ ಬಿಸ್ಕೆಟ್ ಹಿಡಿಯುತ್ತಿಲ್ಲ ಅನ್ನುವುದೇ ಲಕ್ಷಣ. ಆಗ ತಾನೇ ನಡೆಯಲು ಕಲಿತ ಕೂಸು ಆಟದಲ್ಲಿ ಕಾಲು ತಿರುಚಿಕೊಂಡರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಸುರುಳಿ ಬಿರುಕು ಬರುತ್ತದೆ. ಕಾಲೂರಲು ಒಪ್ಪುವುದಿಲ್ಲ, ಅಷ್ಟೇ. ಇನ್ನೂ ನಡೆಯದ ಕೂಸಿನ ತೊಡೆ ಮುರಿದರೆ ಡಾಕ್ಟರರು ಹೇಗಾಯ್ತು ಅಂತ ಪದೇ ಪದೇ ಕೇಳುತ್ತಾರೆ. ಸಿಟ್ಟಾಗಬೇಡಿ, ಕೇಳಲೇಬೇಕು.

ಮಾವಿನ ಗಿಡದಿಂದ ಕೈ ಊರಿ ಬಿದ್ದ ಆರೇಳು ವರ್ಷದ ಮಗುವಿನ ಮೊಣಕೈ ಊದಿದ್ದರೆ ಮೊದಲು ಮಣಿಕಟ್ಟಿನ ನಾಡಿ ನೋಡಿ. ಮೊಣಕೈಯ ಮೇಲೆ ಮುರಿದ ಎಲುಬಿನ ಮೊನೆ ರಕ್ತನಾಳಕ್ಕೆ ಒತ್ತುವ ಅಪಾಯ ಇದೆ. ಮೊಣಕೈಗೆ ಎಣ್ಣೆ ಹಚ್ಚಿ ನೀವಿಸಲೇಬೇಡಿ. ನೀವಿದ ಮಾಂಸಖಂಡದಲ್ಲೇ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿಯುವುದುಂಟು.

ನಾಟಿ ಎಲುಬು ಕಟ್ಟುವವರ ಬಗ್ಗೆ ಎಲ್ಲರೂ ಕೇಳುತ್ತಾರೆ. ಜರುಗದ ಮುರಿತ ಯಾರು ಕಟ್ಟಿದರೂ ಕೂಡುತ್ತದೆ, ಸುಮ್ನೆ ಅಲುಗಾಡದೆ ಇದ್ದರೂ ಕೂಡುತ್ತದೆ. ಅಪಾಯ ಸೊಪ್ಪು, ಮೊಟ್ಟೆಯಲ್ಲಿಲ್ಲ, ಬಿದಿರಿನ ದಬ್ಬೆಯನ್ನು ಬಿಗಿದು ಕಟ್ಟುವುದರಲ್ಲಿದೆ. ಮೊದಲ ಎರಡು ದಿನ ಊತ ಏರುತ್ತದೆ, ಕಟ್ಟು ಏರುವುದಿಲ್ಲ. ದಾರಿಗೆ ಆಧಾರ ಬೇಕಿದ್ದರೆ ರಟ್ಟು ಅಥವಾ ಮಡಚಿದ ಪೇಪರ್ ಸಾಕು. ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಸೇರಿಸಿ, ಕಂಡ ಸ್ಥಿತಿಯಲ್ಲೇ ಸಡಿಲಾಗಿ ಕಟ್ಟಿ, ಬೆರಳ ತುದಿ ಹೊರಗೆ ಕಾಣುವಂತೆ ಬಿಡಿ.

ಫಿಲ್ಮ್ ಚೊಕ್ಕ, ನೋವು ಹಾಗೇ

ಎರಡು ಸಂದರ್ಭದಲ್ಲಿ ಇದು ಪದೇ ಪದೇ ಆಗುತ್ತದೆ.

ಒಂದು, ಓಡುವ ಹುಡುಗರು. ಪೊಲೀಸ್, ಸೈನ್ಯದ ಭರ್ತಿಗೆ ಅಂತ ಧಾರವಾಡದಲ್ಲಿ ರೂಮು ಮಾಡಿಕೊಂಡು ಡಾಂಬರು ರಸ್ತೆಯಲ್ಲಿ ಬೆಳಗಿನ ಜಾವ ಓಡುವವರು. ಇಲ್ಲಿ ಒಂದು ದೊಡ್ಡ ಬಲ ಇಲ್ಲ, ಸಾವಿರಾರು ಸಣ್ಣ ಬಲ ಇವೆ. ಎಲುಬು ದಿನವೂ ಸವೆದು ದಿನವೂ ರಿಪೇರಿಯಾಗುತ್ತದೆ. ಓಟವನ್ನು ಒಮ್ಮೆಲೇ ಹೆಚ್ಚಿಸಿದರೆ ರಿಪೇರಿ ಹಿಂದೆ ಬೀಳುತ್ತದೆ. ಪ್ರಷ್ಯಾದ ಸೈನ್ಯದ ಡಾಕ್ಟರ್ ಬ್ರೈಟ್‌ಹಾಪ್ಟ್ 1855ರಲ್ಲಿ ಕವಾಯತಿನ ಸಿಪಾಯಿಗಳ ಊದಿದ ಪಾದದ ಬಗ್ಗೆ ಬರೆದದ್ದು ಇದನ್ನೇ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಮೊಣಕಾಲಿನ ಕೆಳಗೆ ಉದ್ದಕ್ಕೂ ನೋವಿದ್ದರೆ ಸ್ನಾಯು, ಎಲುಬಿನ ಪೊರೆಯ ಉರಿ ಇರಬಹುದು. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ನೋವಿದ್ದರೆ ಬಿರುಕು ಅನುಮಾನಿಸಿ. ಓಡುವಾಗ ತೊಡೆಸಂದಿಯಲ್ಲಿ ನೋವು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಕುಪ್ಪಳಿಸಿ ಪರೀಕ್ಷೆ ಮಾಡಲೂ ಹೋಗಬೇಡಿ. ಅಲ್ಲಿಯ ಸಣ್ಣ ಬಿರುಕು ಪೂರ್ತಿ ಮುರಿದು ಜರುಗಿದರೆ ಆಪರೇಷನ್ನೇ ಗತಿ.

ಎರಡು, ಅಂಗೈ ಊರಿ ಬಿದ್ದ ಹರೆಯದವರ ಮಣಿಕಟ್ಟು. ಹೆಬ್ಬೆರಳನ್ನು ಮೇಲೆತ್ತಿ ಚಾಚಿದಾಗ ಅದರ ಬುಡದಲ್ಲಿ ಎರಡು ನರದಂಥ ಪಟ್ಟಿಗಳ ನಡುವೆ ಒಂದು ಕುಳಿ ಬೀಳುತ್ತದೆ. ಆ ಕುಳಿಯಲ್ಲಿ ಒತ್ತಿದಾಗ ನೋವಾದರೆ ಸ್ಕೇಫಾಯ್ಡ್ ಎಂಬ ಗೋಡಂಬಿ ಗಾತ್ರದ ಎಲುಬು ಮುರಿದಿರಬಹುದು. ಮೊದಲ ದಿನದ ಫಿಲ್ಮ್‌ನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅದಕ್ಕೆ ರಕ್ತ ಹೋಗುವುದು ಬೆರಳ ಕಡೆಯ ತುದಿಯಿಂದ ಹಿಂದಕ್ಕೆ. ನಡುವೆ ಮುರಿದರೆ ಮಣಿಕಟ್ಟಿನ ಕಡೆಯ ತುಂಡಿಗೆ ರಕ್ತ ನಿಂತು ಕೂಡುವುದೇ ಕಷ್ಟವಾಗುತ್ತದೆ. ಹಾಗಾಗಿ ಫಿಲ್ಮ್ ಚೊಕ್ಕ ಇದ್ದರೂ ಡಾಕ್ಟರರು ಹೆಬ್ಬೆರಳು ಸೇರಿಸಿ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ಬರೆಯುತ್ತಾರೆ. ಅಷ್ಟರಲ್ಲಿ ಬಿರುಕಿನ ಅಂಚು ಕರಗಿ ಗೆರೆ ಕಾಣತೊಡಗುತ್ತದೆ. ನೋವು ಇಳಿದಿದೆ ಅಂತ ಆ ಎರಡನೇ ಸಲ ತಪ್ಪಿಸಬೇಡಿ. ಬರುವಾಗ ಹಳೇ ಫಿಲ್ಮ್ ಮರೆಯದೆ ತನ್ನಿ, ಮೊಬೈಲಿನಲ್ಲಿ ಹೊಡೆದ ಫೋಟೋ ಅಲ್ಲ, ಫಿಲ್ಮನ್ನೇ.